ಹಲ್ಲಿನ ಲ್ಯಾಬಿಗೆ ಬೀಗ ಹಾಕಿದ ಆಗಸ್ಟ್

ನಾನು ಕೆಲಸ ಮಾಡುವುದು ಇಂಗ್ಲೆಂಡಿನಲ್ಲಿ, ಹಲ್ಲು ತಯಾರಿಸುವ ಜಾಗದಲ್ಲಿ. ಸ್ಟಾಕ್‌ಪೋರ್ಟಿನ ಎತ್ತರದ ರೈಲು ಸೇತುವೆಯಿಂದ ಸ್ವಲ್ಪವೇ ದೂರ, ಒಂದು ಕಾಲದಲ್ಲಿ ಟೋಪಿ ಕಾರ್ಖಾನೆಯಾಗಿದ್ದ ಇಟ್ಟಿಗೆ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಲ್ಯಾಬ್ ಇದೆ. ಸುತ್ತಲಿನ ದಂತವೈದ್ಯರು ರೋಗಿಗಳ ಬಾಯಿಂದ ತೆಗೆದ ಅಚ್ಚುಗಳನ್ನು ನಮಗೆ ಕಳಿಸುತ್ತಾರೆ. ನಾವು ಅದರೊಳಗೆ ಪ್ಲಾಸ್ಟರ್ ಎರೆದು ದವಡೆಯ ಪ್ರತಿರೂಪ ಮಾಡಿಕೊಂಡು, ಅದಕ್ಕೆ ಹೊಂದುವಂತೆ ಹಲ್ಲಿನ ಸೆಟ್ಟನ್ನೋ, ಸವೆದ ಹಲ್ಲಿಗೆ ತೊಡಿಸುವ ಪಿಂಗಾಣಿ ಕವಚವನ್ನೋ ಮಾಡಿ ವಾಪಸು ಕಳಿಸುತ್ತೇವೆ. ಈ ಕಟ್ಟಡದಲ್ಲಿ ಈಗಲೂ ಟೋಪಿಯೇ ತಯಾರಾಗುತ್ತದೆ, ಗಾತ್ರ ಮಾತ್ರ ಸಣ್ಣದಾಗಿದೆ ಎಂದು ಹೊಸಬರಿಗೆ ನಾನು ಹೇಳುವುದುಂಟು.

ಮಂಗಳೂರಿನಲ್ಲಿ ಇದೇ ಕೆಲಸ ಕಲಿತವಳು ನಾನು. ಗಂಡ ಮೈಸೂರಿನವರು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. ಮದುವೆಯಾಗಿ ಬಂದು, ಈ ಕಸುಬಿಗೆ ಇಲ್ಲಿ ಬೇಕಾದ ನೋಂದಣಿ ಮುಗಿಸಿ, ಈ ಲ್ಯಾಬಿಗೆ ಸೇರಿದಾಗ ಮಗಳು ಇನ್ನೂ ಕೂಸಿನ ತಳ್ಳುಗಾಡಿಯಲ್ಲಿದ್ದಳು. ಈಗ ಅವಳು ಸೆಕೆಂಡರಿ ಶಾಲೆಗೆ ಹೋಗುತ್ತಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಲ್ಯಾಬಿನ ಮಾಲೀಕರು ಅರವತ್ತು ದಾಟಿದ ಇಂಗ್ಲೆಂಡಿನವರೇ. ಮನೆಯಲ್ಲಿ ನಾನು ಅವರನ್ನು ಧಣಿಗಳು ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ನಾವು ಬರುವ ಮೊದಲೇ ಬಂದು ಬಾಯ್ಲರ್ ಹಾಕಿ ಚಳಿ ಬಿಡಿಸಿರುತ್ತಿದ್ದರು. ಯಾರ ಮೇಲೂ ದನಿ ಎತ್ತಿದವರಲ್ಲ. ಆದರೆ ಅವರಿಗೆ ರಜೆ ಎನ್ನುವ ವಸ್ತುವೇ ಗೊತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಶನಿವಾರವೂ ಬರಲು ಶುರುಮಾಡಿದರಂತೆ. ಅವರು ಬರುವುದನ್ನು ನೋಡಿ ನಾವೂ ಕೆಲವು ಶನಿವಾರ ಬರುತ್ತಿದ್ದೆವು. ಬಾ ಎಂದು ಅವರು ಕರೆದದ್ದಿಲ್ಲ, ಬೇಡ ಎಂದದ್ದೂ ಇಲ್ಲ.

ಈ ದೇಶದ ಕಾನೂನಿನ ಪ್ರಕಾರ ಕೆಲಸಗಾರರಿಗೆ ವರ್ಷಕ್ಕೆ ಐದು ವಾರಕ್ಕೂ ಮೇಲೆ ಸಂಬಳ ಸಹಿತ ರಜೆ ಉಂಟು. ಬ್ಯಾಂಕ್ ಹಾಲಿಡೇ ಎನ್ನುವ ಸಾರ್ವಜನಿಕ ರಜೆಗಳೂ ಅದರಲ್ಲಿ ಸೇರಿರಬಹುದು. ಯಾವಾಗ ತೆಗೆದುಕೊಳ್ಳಬೇಕು ಎಂದು ಹೇಳುವ ಅಧಿಕಾರ ಮಾಲೀಕರಿಗಿದೆ, ಬೇಡವೇ ಬೇಡ ಎನ್ನುವ ಅಧಿಕಾರ ಇಲ್ಲ. ಇದು ನಮಗೆಲ್ಲ ಗೊತ್ತಿತ್ತು. ಆದರೂ ಲ್ಯಾಬಿನಲ್ಲಿ ಯಾರೂ ಪೂರ್ತಿ ರಜೆ ಮುಗಿಸುತ್ತಿರಲಿಲ್ಲ. ಕೇಳಿದರೆ ಧಣಿಗಳು, ‘ಈಗ ಕೆಲಸ ಸ್ವಲ್ಪ ಬಿಗಿ ಇದೆ, ಈಸ್ಟರ್ ಕಳೀಲಿ’ ಎನ್ನುತ್ತಿದ್ದರು. ಈಸ್ಟರ್ ಕಳೆದರೆ ಬೇಸಿಗೆ, ಬೇಸಿಗೆ ಕಳೆದರೆ ಕ್ರಿಸ್‌ಮಸ್ ಮೊದಲು ಹೊಸ ಹಲ್ಲು ಬೇಕೆನ್ನುವವರ ಸಾಲು. ಹೀಗೆ ವರ್ಷ ಮುಗಿದು ಉಳಿದ ರಜೆ ಯಾರಿಗೂ ಸಿಗದೆ ಹೋಗುತ್ತಿತ್ತು.

ನನಗೂ ಇದು ಅಂಥ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ನಮಗೆ ರಜಾ ಅರ್ಜಿ ಬರೆಯುವುದನ್ನು ಕಲಿಸಿದ್ದೇ ಜ್ವರದಿಂದ. ‘ನನಗೆ ಜ್ವರ ಬಂದಿರುವುದರಿಂದ’ ಎಂದು ಇಡೀ ತರಗತಿ ಒಟ್ಟಿಗೆ ಬರೆಯುತ್ತಿದ್ದೆವು. ದೊಡ್ಡವರಾದ ಮೇಲೆ ಅದಕ್ಕೆ ಮದುವೆ, ಉಪನಯನ, ಸಾವು ಸೇರಿಕೊಂಡವು. ಸುಮ್ಮನೆ ಇರಬೇಕು ಎಂದು ರಜೆ ಕೇಳಿದ ಮನುಷ್ಯನನ್ನು ನಾನು ಊರಲ್ಲಿ ಕಂಡದ್ದೇ ಇಲ್ಲ.

ನನ್ನ ಕಣ್ಣು ತೆರೆಸಿದ್ದು ಒಂದು ಯುಗಾದಿ ಊಟ. ಲೆಸ್ಟರಿನಲ್ಲಿ ಬಾಡಿಗೆ ಹಾಲೊಂದರಲ್ಲಿ ಕನ್ನಡದವರು ಸೇರಿದ್ದೆವು. ಹೋಳಿಗೆ ಬಡಿಸುವ ಸಾಲಿನಲ್ಲಿ ನಿಂತು ಯಾರನ್ನು ಹೇಗಿದ್ದೀರಿ ಎಂದು ಕೇಳಿದರೂ ಬಂದ ಉತ್ತರ ಒಂದೇ: ಬಿಜಿ. ಸಿಕ್ಕಾಪಟ್ಟೆ ಬಿಜಿ. ಶೆಫೀಲ್ಡಿನ ದೊಡ್ಡ ಆಸ್ಪತ್ರೆಯಲ್ಲಿರುವ ಧಾರವಾಡದ ಡಾಕ್ಟರಮ್ಮ ಒಬ್ಬರು, ‘ಹೋದ ವರ್ಷ ಅರ್ಧ ಲೀವೂ ತಗೊಂಡಿಲ್ಲ ನೋಡ್ರಿ ನಾ’ ಎಂದರು. ಮಗ ಹುಟ್ಟಿದ ದಿನ ಹೆರಿಗೆ ವಾರ್ಡಿನ ಮಂಚದ ಮೇಲಿಂದಲೇ ಡ್ಯೂಟಿ ಪಟ್ಟಿ ಸರಿಮಾಡಿ ಕಳಿಸಿದ್ದನ್ನೂ ಹೇಳಿದರು. ಕೇಳಿದವರೆಲ್ಲ ಮೆಚ್ಚಿ ತಲೆಯಾಡಿಸಿದರು. ಮಗ ಅವರ ಸೆರಗು ಹಿಡಿದು ನಿಂತಿದ್ದ. ಅವರ ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. ಆ ಹೆಂಗಸಿನ ಮೇಲೆ ನನಗೆ ಗೌರವ ಇದೆ, ಇವತ್ತಿಗೂ ಇದೆ. ಆದರೆ ಆ ಹೊತ್ತಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಗಾಯ ತೋರಿಸಿಕೊಂಡು ಹೆಮ್ಮೆಪಡುತ್ತಿದ್ದೇವೆ ಅನ್ನಿಸಿತು.

ವಾಪಸು ಬರುವಾಗ ಕಾರಿನಲ್ಲಿ ಗಂಡನಿಗೆ ಹೇಳಿದೆ. ‘ಆಗಸ್ಟ್‌ನಲ್ಲಿ ನಾನು ರಜೆ ತಗೊಳ್ತೇನೆ.’

‘ಊರಿಗೆ ಹೋಗೋಣ ಅಂತಲಾ?’

‘ಇಲ್ಲ.’

‘ಮತ್ತೆ ಎಲ್ಲಿಗೆ?’

‘ಎಲ್ಲಿಗೂ ಇಲ್ಲ. ರಜೆ ಬೇಕು, ಅಷ್ಟೇ.’

ಅವರು ಗೇರ್ ಬದಲಿಸಿದರು. ‘ನಿಮ್ಮ ಧಣಿಗಳು ಕೇಳ್ತಾರಲ್ಲ, ಯಾಕೆ ಅಂತ.’

‘ಕೇಳಲಿ’ ಎಂದೆ.

ಧಣಿಗಳು ಕೇಳಿಯೇ ಕೇಳಿದರು. ಸೋಮವಾರ ಬೆಳಿಗ್ಗೆ ನಾನು ಆಗಸ್ಟ್‌ನ ವಿಷಯ ಎತ್ತಿದಾಗ ಅವರು ಒಂದು ದವಡೆಯ ಮಾದರಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ‘ಏನು ವಿಶೇಷ? ಮನೆಯಲ್ಲಿ ಮದುವೆಯಾ?’

‘ವಿಶೇಷ ಏನೂ ಇಲ್ಲ.’

‘ಹಾಗಾದರೆ ಮುಂದೆ ಹಾಕೋಣ. ಹೊಸ ಕ್ಲಿನಿಕ್‌ಗಳ ಕೆಲಸ ಈಗಷ್ಟೇ ಶುರುವಾಗಿದೆ. ಈ ಬೇಸಿಗೆ ಯಾರನ್ನೂ ಬಿಡುವ ಹಾಗಿಲ್ಲ.’

ಅದು ನಿಜವೇ. ನಾಲ್ಕಾರು ಊರುಗಳಲ್ಲಿ ಕ್ಲಿನಿಕ್ ಇರುವ ಒಂದು ಕಂಪನಿಯ ಕೆಲಸವನ್ನು ಅವರು ಆ ವರ್ಷ ಹಿಡಿದಿದ್ದರು. ಪೆಟ್ಟಿಗೆ ಪೆಟ್ಟಿಗೆ ಅಚ್ಚುಗಳು ಬರುತ್ತಿದ್ದವು.

‘ಹೋದ ವರ್ಷವೂ ಮುಂದೆ ಹಾಕಿದ್ದೆವು. ಅದರ ಹಿಂದಿನ ವರ್ಷವೂ’ ಎಂದೆ.

‘ನಾನು ಒಂದು ವಾರ ಪೂರ್ತಿ ಮನೆಯಲ್ಲಿದ್ದು ಎಷ್ಟು ವರ್ಷ ಆಯಿತು ಗೊತ್ತಾ ನಿನಗೆ?’

‘ಅದು ನಿಮ್ಮ ಇಷ್ಟ. ನನ್ನ ರಜೆ ನನ್ನದು. ಯಾವ ವಾರ ಅಂತ ಬೇಕಾದರೆ ನೀವು ಹೇಳಿ, ಆದರೆ ಈ ಬೇಸಿಗೆಯಲ್ಲೇ ಹೇಳಿ.’

ದನಿ ಎತ್ತದೆ, ಕೈಕಟ್ಟಿ ನಿಲ್ಲದೆ, ನನ್ನ ಮೇಜಿನ ಮೇಲಿನ ಮೇಣ ಕರಗಿಸುತ್ತಲೇ ಹೇಳಿದೆ. ಅವರು ಮಾದರಿಯನ್ನು ಕೆಳಗಿಟ್ಟು ತಮ್ಮ ಕೋಣೆಗೆ ಹೋದರು. 

ಧಣಿಗಳಿಗಿಂತ ಹೆಚ್ಚು ಸಿಟ್ಟಾದವನು ನನ್ನ ಪಕ್ಕದ ಮೇಜಿನವನು. ಪೋಲೆಂಡಿನವನು, ಪಿಂಗಾಣಿ ಕೆಲಸದಲ್ಲಿ ಅವನನ್ನು ಮೀರಿಸುವವರು ಮ್ಯಾಂಚೆಸ್ಟರ್ ಸುತ್ತ ಇರಲಿಲ್ಲ. ಸಣ್ಣ ಬ್ರಶ್ಶಿನ ತುದಿಯಲ್ಲಿ ಪಿಂಗಾಣಿ ಪುಡಿಯನ್ನು ಪದರ ಪದರವಾಗಿ ಏರಿಸಿ, ಒಲೆಯಲ್ಲಿ ಸುಟ್ಟು, ನಿಜವಾದ ಹಲ್ಲೇ ಎನ್ನುವಂತೆ ಮಾಡುತ್ತಿದ್ದ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ನೇರವಾಗಿ ಕೇಳಿದ.

‘ನೀನು ಹೋದರೆ ನಿನ್ನ ಕೆಲಸ ಯಾರು ಮಾಡುತ್ತಾರೆ?’

‘ನೀವೆಲ್ಲ ಹಂಚಿಕೊಳ್ಳಬೇಕಾಗುತ್ತದೆ.’

‘ಎಲ್ಲ ಅಂದರೆ ನಾನು. ಉಳಿದವರಿಗೆ ನಿನ್ನ ಕೆಲಸ ಬರುವುದಿಲ್ಲ. ನೀನು ಮಲಗಿ ನಿದ್ದೆ ಮಾಡುತ್ತೀ, ನಾನು ಎರಡು ಮೇಜಿನ ನಡುವೆ ಓಡುತ್ತೇನೆ. ನನ್ನ ಅಪ್ಪನನ್ನು ನೋಡಲಿಕ್ಕೇ ನಾನು ಬೇಸಿಗೆಯಲ್ಲಿ ಹೋಗಿಲ್ಲ. ಗೊತ್ತಲ್ಲ?’

ಅವನ ಅಪ್ಪ ಜೇನು ಸಾಕುತ್ತಾರೆ. ಜೇನು ತೆಗೆಯುವ ಕಾಲಕ್ಕೆ ಒಮ್ಮೆ ಹೋಗಬೇಕು ಎಂದು ಅವನು ಪ್ರತಿ ವರ್ಷ ಹೇಳುತ್ತಿದ್ದ. ಹೋಗುತ್ತಿದ್ದದ್ದು ಮಾತ್ರ ಕ್ರಿಸ್‌ಮಸ್‌ಗೆ ಸಿಗುವ ಕೆಲವು ದಿನ, ಹಿಮದಲ್ಲಿ.

ನಮ್ಮನ್ನು ಕಟ್ಟಿಹಾಕಿದ್ದು ಧಣಿಗಳಲ್ಲ, ಒಬ್ಬರ ಭಾರ ಇನ್ನೊಬ್ಬರ ಮೇಲೆ ಬೀಳುತ್ತದಲ್ಲ ಎನ್ನುವ ಸಂಕೋಚ ಎಂದು ಆವತ್ತು ನನಗೆ ಸ್ಪಷ್ಟವಾಯಿತು. ಒಬ್ಬಳೇ ಹೋದರೆ ನಾನು ಗೆದ್ದ ಹಾಗೆ, ಅವನು ಸೋತ ಹಾಗೆ. ಆದರೆ ರಜೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ನನಗೆ ಇರಲಿಲ್ಲ. ಎರಡು ವಾರ ಹಾಗೇ ಕಳೆಯಿತು. ಧಣಿಗಳು ಗುಡ್ ಮಾರ್ನಿಂಗ್ ಹೇಳುತ್ತಿದ್ದರು, ಆಗಸ್ಟ್‌ನ ಮಾತು ಮಾತ್ರ ಆಡುತ್ತಿರಲಿಲ್ಲ.

ಆ ದಿನಗಳಲ್ಲೇ ಅವರ ತಾಯಿ ಲ್ಯಾಬಿಗೆ ಬಂದರು. ತೊಂಬತ್ತರ ಹತ್ತಿರದ ಅಜ್ಜಿ. ಕೆಳಗಿನ ಹಲ್ಲಿನ ಸೆಟ್ ಸಡಿಲವಾಗಿ, ಅವರ ದಂತವೈದ್ಯರು ಹೊಸದಕ್ಕೆ ಅಚ್ಚು ತೆಗೆದಿದ್ದರು. ಮೇಲೆ ಉಳಿದಿದ್ದ ಅವರ ಸ್ವಂತ ಹಲ್ಲುಗಳಿಗೆ ಬಣ್ಣ ಹೊಂದಿಸಬೇಕಿತ್ತು. ಅದಕ್ಕೆ ರೋಗಿಯನ್ನೇ ಕೂರಿಸಿಕೊಂಡು ಹಗಲು ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಧಣಿಗಳು ತಾಯಿಯನ್ನು ಮೆಟ್ಟಿಲು ಹತ್ತಿಸಿ ಕರೆತಂದು ಕಿಟಕಿಯ ಪಕ್ಕ ಕೂರಿಸಿದರು. ಫೋನ್ ಬಂತೆಂದು ತಮ್ಮ ಕೋಣೆಗೆ ಹೋದರು.

ಹಲ್ಲಿನ ಬಣ್ಣದ ಮಾದರಿಗಳನ್ನು ಒಂದೊಂದಾಗಿ ಅಜ್ಜಿಯ ತುಟಿಯ ಹತ್ತಿರ ಹಿಡಿದು ನೋಡುತ್ತಿದ್ದೆ.

‘ತೀರಾ ಬಿಳಿ ಬೇಡ, ಲವ್’ ಎಂದರು. ಇಲ್ಲಿಯವರು ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರೆ. ‘ಚರ್ಚಿನಲ್ಲಿ ನಗುತ್ತಾರೆ. ನೀನು ಎಲ್ಲಿಯವಳು?’

ಇಂಡಿಯಾ, ಸಮುದ್ರದ ಪಕ್ಕದ ಊರು ಎಂದೆ. ಸಮುದ್ರ ಎಂದ ಕೂಡಲೇ ಅಜ್ಜಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಮಾತಿಗೆ ಕೂತರು. ಹುಡುಗಿಯಾಗಿದ್ದಾಗ ಓಲ್ಡಮ್ ಊರಿನ ಹತ್ತಿ ಮಿಲ್ಲಿನಲ್ಲಿ ನೂಲು ತೆಗೆಯುವ ಕೆಲಸ ಮಾಡಿದವರು ಅವರು.

‘ವರ್ಷಕ್ಕೊಮ್ಮೆ ವೇಕ್ಸ್ ವೀಕ್ ಅಂತ ಬರುತ್ತಿತ್ತು. ಆ ವಾರ ಊರಿನ ಎಲ್ಲ ಮಿಲ್ಲೂ ಒಟ್ಟಿಗೆ ನಿಲ್ಲುತ್ತಿದ್ದವು. ಒಂದಲ್ಲ ಎರಡಲ್ಲ, ಎಲ್ಲವೂ. ಚಿಮಣಿಗಳಲ್ಲಿ ಹೊಗೆ ಇಲ್ಲ. ಎರಡು ದಿನ ಕಳೆದರೆ ಗಾಳಿ ತಿಳಿಯಾಗಿ, ನಮ್ಮ ಬೀದಿಯ ತುದಿಯಿಂದಲೇ ಬೆಟ್ಟ ಕಾಣುತ್ತಿತ್ತು. ಆದರೆ ನೋಡಲಿಕ್ಕೆ ಊರಲ್ಲಿ ಯಾರಿರುತ್ತಿದ್ದರು? ಎಲ್ಲರೂ ರೈಲು ಹತ್ತಿ ಸಮುದ್ರದ ದಂಡೆಯ ಬ್ಲ್ಯಾಕ್‌ಪೂಲಿಗೆ. ಇಲ್ಲಿ ಪಕ್ಕದ ಮನೆಯವರು ಅಲ್ಲಿಯೂ ಪಕ್ಕದ ಕೋಣೆಯಲ್ಲೇ ಇರುತ್ತಿದ್ದರು.’

‘ಸಂಬಳ ಕೊಡುತ್ತಿದ್ದರಾ ಆ ವಾರಕ್ಕೆ?’

‘ನನ್ನ ಅಮ್ಮನ ಕಾಲದಲ್ಲಿ ಇಲ್ಲ. ಅವಳು ವರ್ಷವಿಡೀ ಕೂಡಿಟ್ಟು ಹೋಗುತ್ತಿದ್ದಳು. ನನ್ನ ಕಾಲಕ್ಕೆ ಕೊಡುತ್ತಿದ್ದರು.’

‘ಎಲ್ಲರೂ ಒಟ್ಟಿಗೆ ಹೋದರೆ ಮಿಲ್ಲಿಗೆ ನಷ್ಟ ಆಗುತ್ತಿರಲಿಲ್ಲವಾ?’

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. ‘ಆ ವಾರ ಯಂತ್ರ ಬಿಚ್ಚಿ ಸರಿಮಾಡುತ್ತಿದ್ದರು. ಯಂತ್ರಕ್ಕೂ ಬೇಕಲ್ಲ. ಎಲ್ಲರೂ ಒಟ್ಟಿಗೆ ಹೋದದ್ದಕ್ಕೇ ಯಾರ ಕೆಲಸವೂ ಯಾರ ಮೇಲೂ ಬೀಳುತ್ತಿರಲಿಲ್ಲ. ವಾಪಸು ಬಂದಾಗ ಯಾರ ಮೋರೆಯಲ್ಲೂ ಸಿಡುಕಿಲ್ಲ.’

ನನ್ನ ಪಕ್ಕದ ಮೇಜಿನಲ್ಲಿ ಬ್ರಶ್ ನಿಂತಿತು. ಪೋಲೆಂಡಿನವನು ಕೇಳಿಸಿಕೊಳ್ಳುತ್ತಿದ್ದ. ಧಣಿಗಳೂ ಅಷ್ಟೊತ್ತಿಗೆ ತಾಯಿಯ ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

‘ಇವನನ್ನು ಸಮುದ್ರದಿಂದ ಎಬ್ಬಿಸಲಿಕ್ಕೇ ಆಗುತ್ತಿರಲಿಲ್ಲ’ ಎಂದು ಅಜ್ಜಿ ಮಗನ ಕಡೆ ಗದ್ದ ತೋರಿಸಿದರು. ‘ತುಟಿ ನೀಲಿಯಾದರೂ ಬರುತ್ತಿರಲಿಲ್ಲ. ಇವನಪ್ಪ ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಎತ್ತಿಕೊಂಡು ಬರಬೇಕಿತ್ತು. ಈಗ ನೋಡು, ಭಾನುವಾರ ನನ್ನ ಮನೆಗೆ ಬಂದರೂ ಗಡಿಯಾರ ನೋಡುತ್ತಾನೆ.’

‘ಅಮ್ಮಾ, ಟ್ಯಾಕ್ಸಿ ಬಂತು’ ಎಂದರು ಧಣಿಗಳು. ಅವರ ಕಿವಿ ಕೆಂಪಾಗಿತ್ತು.

ಆ ಸಂಜೆ ನಾನೂ ಪೋಲೆಂಡಿನವನೂ ಒಟ್ಟಿಗೆ ಮೆಟ್ಟಿಲಿಳಿದೆವು. ಕೆಳಗಿನ ಬಾಗಿಲ ಹತ್ತಿರ ನಿಂತು ಅವನು, ‘ಆಗಸ್ಟ್‌ನ ಮಧ್ಯಕ್ಕೆ ಜೇನು ತೆಗೆಯುತ್ತಾರೆ’ ಎಂದ. ನನಗೆ ಅಷ್ಟು ಸಾಕಾಯಿತು.

ಮರುದಿನ ಇಬ್ಬರೂ ಧಣಿಗಳ ಕೋಣೆಗೆ ಹೋದೆವು. ನಾನು ಹೇಳಿದೆ: ನನಗೊಬ್ಬಳಿಗೇ ರಜೆ ಬೇಡ, ಲ್ಯಾಬನ್ನೇ ಎರಡು ವಾರ ಮುಚ್ಚಿ. ಈಗಿನಿಂದಲೇ ಎಲ್ಲ ಕ್ಲಿನಿಕ್‌ಗಳಿಗೂ ತಿಳಿಸೋಣ. ಅದಕ್ಕೆ ಮೊದಲು ಬಂದ ಕೆಲಸವನ್ನೆಲ್ಲ ಮುಗಿಸಿ ಕೊಟ್ಟೇ ಹೋಗುತ್ತೇವೆ. ಮುರಿದ ಸೆಟ್ ಅಂಟಿಸುವಂಥ ತುರ್ತು ಕೆಲಸಕ್ಕೆ ಬೇರೆ ಲ್ಯಾಬಿನವರೊಬ್ಬರ ಹತ್ತಿರ ಮಾತಾಡಿಡೋಣ. ಅವರು ಮುಚ್ಚಿದಾಗ ನಾವು ಅವರ ತುರ್ತು ಕೆಲಸ ನೋಡಿಕೊಳ್ಳೋಣ.

‘ಫೋನ್ ಮಾಡಿ ಹೇಳುವವರು ಯಾರು?’ ಎಂದರು ಧಣಿಗಳು. ಆಗುವುದಿಲ್ಲ ಎನ್ನಲು ಅವರಿಗೆ ಅದೊಂದೇ ದಾರಿ ಉಳಿದಿತ್ತು ಅಂತ ಕಾಣುತ್ತದೆ.

‘ನಾನು’ ಎಂದೆ.

ಊಟದ ಬಿಡುವಿನಲ್ಲಿ ಒಂದೊಂದೇ ಕ್ಲಿನಿಕ್‌ಗೆ ಫೋನ್ ಮಾಡಿದೆ. ಮೊದಲ ಕರೆಗೆ ಮೊದಲು ಗಂಟಲು ಸರಿಮಾಡಿಕೊಂಡೆ, ಆಮೇಲೆ ಅದೂ ಬೇಕಾಗಲಿಲ್ಲ. ‘ಓ, ಆಗ ನಮ್ಮ ಡಾಕ್ಟರೂ ಇರೋದಿಲ್ಲ ಬಿಡಿ, ಪೋರ್ಚುಗಲ್‌ಗೆ ಹೋಗ್ತಾರೆ’ ಎಂದಳು ಒಬ್ಬ ರಿಸೆಪ್ಷನಿಸ್ಟ್. ಇನ್ನೊಬ್ಬಳು, ‘ನಿಮ್ಮ ಲ್ಯಾಬಿನವರು ರಜೆಯನ್ನೂ ತೆಗೆದುಕೊಳ್ಳುತ್ತೀರಾ?’ ಎಂದು ನಿಜವಾಗಿಯೂ ಆಶ್ಚರ್ಯಪಟ್ಟಳು. ಬಹಳ ಮಂದಿ, ಮೊದಲೇ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ಇಷ್ಟು ವರ್ಷ ನಾವು ಯಾರಿಗೆ ಹೆದರಿಕೊಂಡು ಕೂತಿದ್ದೆವು ಎಂದು ನನಗೇ ನಗು ಬಂತು.

ತೊಡಕಾದದ್ದು ಹೊಸ ಕಂಪನಿಯದು. ಅಲ್ಲಿಯ ಮ್ಯಾನೇಜರ್ ಹೆಂಗಸು, ಧಣಿಗಳ ಹತ್ತಿರವೇ ಮಾತಾಡಬೇಕೆಂದರು. ಧಣಿಗಳು ನನ್ನನ್ನೂ ಕರೆದು ಕೂರಿಸಿಕೊಂಡು ಸ್ಪೀಕರ್ ಹಾಕಿದರು.

‘ಬೇಸಿಗೆಯಲ್ಲಿ ಮುಚ್ಚುವ ಲ್ಯಾಬನ್ನು ನಾವೆಲ್ಲೂ ನೋಡಿಲ್ಲ’ ಎಂದರು ಮ್ಯಾನೇಜರ್.

ಧಣಿಗಳು ನನ್ನ ಮುಖ ನೋಡಿದರು. ನಾನು ಮುಂದೆ ಬಾಗಿ ಕೇಳಿದೆ. ‘ಆ ಎರಡು ವಾರ ನಿಮ್ಮ ಎಷ್ಟು ಮಂದಿ ಡಾಕ್ಟರು ರಜೆಯಲ್ಲಿರುತ್ತಾರೆ?’

‘ಅದು ಬೇರೆ ವಿಷಯ.’

‘ಅವರು ರಜೆಗೆ ಹೋಗುವುದು ಒಳ್ಳೆಯದೇ. ನಾವೂ ಹೋಗುತ್ತೇವೆ. ಅದಕ್ಕೆ ಮೊದಲು ಕಳಿಸಿದ ಎಲ್ಲ ಕೆಲಸ ನಿಮ್ಮ ಕೈಸೇರುತ್ತದೆ, ಅದಕ್ಕೆ ನಾನು ಜವಾಬ್ದಾರಿ.’

‘ಹಾಗಾದರೆ ನಾವು ಬೇರೆ ಕಡೆ ನೋಡಬೇಕಾಗಬಹುದು’ ಎಂದು ಅವರು ಫೋನ್ ಇಟ್ಟರು.

ಧಣಿಗಳು ಈಗ ಎಲ್ಲ ಬೇಡ ಎನ್ನುತ್ತಾರೆ ಎಂದುಕೊಂಡೆ. ಅವರು ಎದ್ದು ಕಿಟಕಿಯಿಂದ ಸೇತುವೆಯ ಮೇಲೆ ಹೋಗುವ ರೈಲು ನೋಡುತ್ತ ನಿಂತರು. ‘ಆ ಹೆಂಗಸಿನ ದನಿ ನನಗೆ ಮೊದಲಿಂದಲೂ ಹಿಡಿಸಿರಲಿಲ್ಲ’ ಎಂದರು. ಅಷ್ಟೇ. ಬೀಗ ಹಾಕುವುದು ನಿಶ್ಚಯವಾಯಿತು.

ಅದಕ್ಕೆ ಮೊದಲಿನ ವಾರಗಳಲ್ಲಿ ನಾವು ದುಡಿದದ್ದು ಕಡಿಮೆಯಲ್ಲ. ಆದರೆ ಮುಗಿಯುವ ದಿನ ಕಣ್ಣೆದುರಿಗಿದ್ದ ದುಡಿಮೆ ಅದು, ಹಾಡು ಹಾಕಿಕೊಂಡು ಮಾಡಿದೆವು. ಪಾಲಿಶ್ ಮಾಡುವಾಕೆ ಹೊಸ ಈಜುಡುಗೆ ಕೊಂಡದ್ದನ್ನು ಎಲ್ಲರಿಗೂ ತೋರಿಸಿದಳು. ಕೊನೆಯ ಶುಕ್ರವಾರ ಒಲೆ ಆರಿಸಿ, ಮೇಜುಗಳನ್ನು ಒರೆಸಿ, ಧಣಿಗಳು ಬೀಗ ಹಾಕಿದರು. ಹಾಕಿ ಒಂದು ಸಲ ಜಗ್ಗಿ ನೋಡಿದರು.

ನಮ್ಮ ಮನೆಯವರಿಗೂ ಅದೇ ಹೊತ್ತಿಗೆ ರಜೆ ಸಿಕ್ಕಿತು. ಮೊದಲ ಎರಡು ದಿನ ನನಗೆ ಸುಮ್ಮನೆ ಕೂರಲು ಬರಲಿಲ್ಲ. ಅಡಿಗೆಮನೆಯ ಕಪಾಟು ಖಾಲಿ ಮಾಡಿ ತೊಳೆದೆ, ಕರ್ಟನ್ ತೊಳೆದೆ. ‘ಮಾರಾಯ್ತಿ, ಇದಕ್ಕೇನಾ ನೀನು ಅಷ್ಟು ಹಟ ಹಿಡಿದದ್ದು?’ ಎಂದು ಅವರು ನನ್ನ ಊರಿನ ಮಾತಿನಲ್ಲೇ ನನ್ನನ್ನು ಅಣಕಿಸಿದರು. ಮೂರನೆಯ ದಿನ ಬೆಳಗಾದ ಮೇಲೂ ಎಚ್ಚರವಾಗಲಿಲ್ಲ. ಎದ್ದಾಗ ಮಗಳು ತಾನೇ ದೋಸೆ ಹುಯ್ದುಕೊಂಡು ತಿನ್ನುತ್ತಿದ್ದಳು. ಅವಳಿಗೆ ದೋಸೆ ಹುಯ್ಯಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಅಪ್ಪ ಕಲಿಸಿದ್ದರಂತೆ, ಶನಿವಾರಗಳಲ್ಲಿ.

ಆಮೇಲೆ ಬ್ಲ್ಯಾಕ್‌ಪೂಲಿಗೆ ಹೋದೆವು. ಅಜ್ಜಿಯ ಮಾತು ಕೇಳಿದ ಮೇಲೆ ಆ ಸಮುದ್ರವನ್ನು ನೋಡಲೇಬೇಕೆನ್ನಿಸಿತ್ತು. ನಮ್ಮ ಕಡೆಯ ಸಮುದ್ರದಂತಲ್ಲ ಅದು. ಇಳಿತದ ಹೊತ್ತಿಗೆ ನೀರು ಎಷ್ಟು ದೂರ ಸರಿದಿತ್ತೆಂದರೆ ಸಮುದ್ರವೂ ರಜೆಯ ಮೇಲೆ ಹೋಗಿದೆ ಎಂದರು ನಮ್ಮ ಮನೆಯವರು. ಒದ್ದೆ ಮರಳಿನ ಮೇಲೆ ನಡೆದು ನಡೆದು ನೀರು ಮುಟ್ಟಿದೆವು. ಹಿಮದಂಥ ನೀರು. ನಾನು ಮಂಡಿಯವರೆಗೆ ಇಳಿದೆ. ಮಗಳು ಕಿರುಚುತ್ತ ನನ್ನ ತೋಳು ಹಿಡಿದುಕೊಂಡಳು, ಬಿಡಲಿಲ್ಲ.

ಸಂಜೆ ದಂಡೆಯ ಬೆಂಚಿನ ಮೇಲೆ ಕೂತು ಚಿಪ್ಸ್ ತಿನ್ನುವಾಗ ಅವಳು ಮೊಣಕೈಯಿಂದ ತಿವಿದಳು. ‘ಮಮ್, ಪ್ಲೀಸ್. ಸ್ಟಾಪ್ ಲುಕಿಂಗ್ ಅಟ್ ಪೀಪಲ್ಸ್ ಟೀತ್.’

ನಿಜ, ಹೋಗುವ ಬರುವವರ ಹಲ್ಲನ್ನೇ ನೋಡುತ್ತಿದ್ದೆ. ಎದುರಿನ ಬೆಂಚಿನ ಮುದುಕನದು ಚೆನ್ನಾಗಿ ಮಾಡಿದ ಸೆಟ್ಟು. ಅದನ್ನು ಅವಳಿಗೆ ಹೇಳಿದೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ನಾನು ವಿವರಿಸುತ್ತ ಹೋದೆ, ಅವಳು ಕೇಳುತ್ತ ಹೋದಳು. ಆಮೇಲೆ ಅವಳೇ, ‘ಆ ಬಲೂನ್ ಮಾರೋ ಆಂಟಿದು ನಿಜವಾದ್ದಾ?’ ಎಂದಳು. ಕನ್ನಡದಲ್ಲೇ ಕೇಳಿದ್ದಳು. ನಾನು ಅದನ್ನು ಗಮನಿಸಿದವಳ ಹಾಗೆ ತೋರಿಸಿಕೊಳ್ಳಲಿಲ್ಲ, ತೋರಿಸಿಕೊಂಡರೆ ನಿಂತುಬಿಡುತ್ತದೆ ಎಂದು.

ಲ್ಯಾಬ್ ಮತ್ತೆ ತೆರೆದ ಬೆಳಿಗ್ಗೆ ಧಣಿಗಳು ಎಂದಿನಂತೆ ಮೊದಲೇ ಬಂದಿದ್ದರು. ಮೂಗು ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಟೀ ಕುಡಿಯುವಾಗ ಒಪ್ಪಿಕೊಂಡರು: ಬೀಗ ಹಾಕಿದ ಮೊದಲ ಸೋಮವಾರ ಅಭ್ಯಾಸ ತಪ್ಪದೆ ಬಂದಿದ್ದರಂತೆ. ಬಾಗಿಲು ತೆಗೆದು ಒಳಗೆ ನಿಂತರೆ ಮಾಡಲು ಏನೂ ಇಲ್ಲ. ಒಂದು ಟೀ ಕುಡಿದು, ಕಪ್ಪು ತೊಳೆದಿಟ್ಟು ಮನೆಗೆ ಹೋಗಿ ಮಲಗಿದವರು ಎದ್ದದ್ದು ಕತ್ತಲಾಗುವ ಹೊತ್ತಿಗೆ. ಆಮೇಲೆ ಒಂದು ದಿನ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಸಮುದ್ರಕ್ಕೆ ಹೋಗಿ ಬಂದರಂತೆ.

‘ಅಜ್ಜಿಗೆ ಖುಷಿಯಾಯಿತಾ?’ ಎಂದೆ.

‘ದಾರಿಯುದ್ದಕ್ಕೂ ಬೈದಳು. ಮೊದಲಿನ ಹಾಗಿಲ್ಲ, ಮೀನು ಸರಿಯಿಲ್ಲ, ಬೆಂಚು ಗಟ್ಟಿ. ವಾಪಸು ಬರುವಾಗ ಮುಂದಿನ ವರ್ಷ ಯಾವ ವಾರ ಎಂದು ಕೇಳಿದಳು.’

ಹೊಸ ಕಂಪನಿ ಹೇಳಿದ ಹಾಗೇ ಮಾಡಿತು. ತನ್ನ ಕೆಲಸದ ಬಹುಪಾಲನ್ನು ಬೇರೆ ಲ್ಯಾಬಿಗೆ ಕೊಟ್ಟಿತು, ಅದು ಮತ್ತೆ ನಮಗೆ ಬರಲಿಲ್ಲ. ಅವರ ಡಾಕ್ಟರುಗಳಲ್ಲಿ ಇಬ್ಬರು ಮಾತ್ರ ಹಟ ಹಿಡಿದು ನಮಗೇ ಕಳಿಸುತ್ತ ಉಳಿದರು. ಚಳಿಗಾಲದಲ್ಲಿ ಲ್ಯಾಬಿಗೆ ಹಣ ಸ್ವಲ್ಪ ಬಿಗಿಯಾಯಿತು, ಆದರೆ ಯಾರ ಕೆಲಸವೂ ಹೋಗಲಿಲ್ಲ. ಶನಿವಾರ ಬರುವುದು ತಾನಾಗಿ ನಿಂತಿತು. ಧಣಿಗಳಿಗೆ ನಾನು ಇನ್ನೊಂದು ಮಾತನ್ನೂ ಒಪ್ಪಿಸಿದೆ: ಲ್ಯಾಬ್ ಮುಚ್ಚುವ ಎರಡು ವಾರ ಹೋಗಿ ಉಳಿದ ರಜೆಯನ್ನು ಪ್ರತಿಯೊಬ್ಬರೂ ಜನವರಿಯಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹಂಚಿಕೊಳ್ಳಬೇಕು. ಅದು ಈಗಲೂ ನಡೆಯುತ್ತಿದೆ.

ನಾನು ಎಣಿಸದೇ ಇದ್ದ ಒಂದು ನಷ್ಟವೂ ಆಯಿತು. ಪೋಲೆಂಡಿನವನು ಆ ಆಗಸ್ಟ್‌ನಲ್ಲಿ ಅಪ್ಪನ ಜೊತೆ ಜೇನು ತೆಗೆದು, ನನಗೂ ಒಂದು ಬಾಟಲಿ ತಂದುಕೊಟ್ಟ. ಮಾತು ಕಡಿಮೆಯಾಗಿತ್ತು. ಮರುವರ್ಷ ವಸಂತದಲ್ಲಿ ಧಣಿಗಳ ಕೋಣೆಗೆ ಹೋಗಿ, ಊರಲ್ಲಿ ಸ್ವಂತ ಲ್ಯಾಬ್ ಹಾಕುತ್ತೇನೆ, ಬಿಟ್ಟುಹೋಗುತ್ತೇನೆ ಎಂದ. ಧಣಿಗಳು ಹೊರಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

‘ನೋಡಿದೆಯಾ? ಎರಡು ವಾರ ಬಿಟ್ಟರೆ ಮನುಷ್ಯ ಯೋಚನೆ ಮಾಡಲಿಕ್ಕೆ ಶುರುಮಾಡುತ್ತಾನೆ.’ ಮುಖದಲ್ಲಿ ಅರ್ಧ ನಗು ಇತ್ತು, ಅರ್ಧ ಇರಲಿಲ್ಲ. ‘ಪಿಂಗಾಣಿ ಕೆಲಸ ಇನ್ನು ಯಾರು ಮಾಡುತ್ತಾರೆ?’

‘ನಾನು ಮಾಡುತ್ತೇನೆ’ ಎಂದೆ. ‘ಅವನು ಹೋಗುವುದರೊಳಗೆ ಕಲಿಸಲಿ.’

ಅವನು ಕಲಿಸಿದ. ಬ್ರಶ್ಶನ್ನು ಎಷ್ಟು ಒದ್ದೆ ಮಾಡಬೇಕು, ಅಂಚಿನಲ್ಲಿ ಬೆಳಕು ಹಾಯುವಂತೆ ಪದರವನ್ನು ಎಲ್ಲಿ ತೆಳುಮಾಡಬೇಕು, ಸುಟ್ಟಾಗ ಎಷ್ಟು ಕುಗ್ಗುತ್ತದೆ. ಮೊದಮೊದಲು ನನ್ನ ಹಲ್ಲುಗಳು ಟಾಯ್ಲೆಟ್ಟಿನ ಟೈಲ್ಸ್‌ನ ಹಾಗೆ ಬರುತ್ತಿದ್ದವು. ಅವನು ಅವನ್ನು ಒಡೆದು ಬುಟ್ಟಿಗೆ ಹಾಕುತ್ತಿದ್ದ. ಹೊರಡುವ ಹಿಂದಿನ ದಿನ ಒಂದನ್ನು ಒಡೆಯದೆ ಹಾಗೇ ಮೇಜಿನ ಮೇಲಿಟ್ಟ. ಅವನ ಬ್ರಶ್ಶುಗಳನ್ನೂ ಬಿಟ್ಟುಹೋದ.

ಅವನು ಹೋದ ಕೆಲವು ತಿಂಗಳ ಮೇಲೆ ಮುಂದಿನ ಹಲ್ಲು ಮುರಿದುಕೊಂಡ ಶಾಲಾ ಟೀಚರ್ ಒಬ್ಬರು ಬಣ್ಣ ನೋಡಿಸಿಕೊಳ್ಳಲು ಬಂದಿದ್ದರು. ಮುಂದಿನ ಹಲ್ಲು ಎಂದರೆ ನಮ್ಮ ಕೆಲಸದಲ್ಲಿ ಅತಿ ಕಷ್ಟದ್ದು, ಇಡೀ ಊರು ನೋಡುವಂಥದ್ದು. ನಾನೊಬ್ಬಳೇ ಮಾಡಿದ ಮೊದಲ ಮುಂಭಾಗದ ಹಲ್ಲು ಅದು. ಡಾಕ್ಟರು ಅದನ್ನು ಕೂರಿಸಿದ ಮೇಲೆ ಆ ಟೀಚರ್, ದಾರಿಯಲ್ಲೇ ಇದೆಯಲ್ಲ ಎಂದು, ನಮಗೆ ತೋರಿಸಲು ಮೆಟ್ಟಿಲು ಹತ್ತಿ ಬಂದರು. ಧಣಿಗಳು ಅವರನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

‘ನೀನು ಮಾಡಿದ್ದು ಇದು’ ಎಂದು ಬೆರಳು ತೋರಿಸಿದರು.

ಟೀಚರ್ ನಕ್ಕುಬಿಟ್ಟರು. ಧಣಿಗಳು ತೋರಿಸಿದ್ದು ಅವರ ಸ್ವಂತ ಹಲ್ಲನ್ನು.

ನಾನು ಬ್ರಶ್ ತೊಳೆದಿಟ್ಟೆ. ಐದು ಗಂಟೆಯಾಗಿತ್ತು, ಕೋಟು ಹಾಕಿಕೊಂಡು ಮನೆಗೆ ಹೊರಟೆ.